ಮಳೆ ಹಿಡಿಯುವ ಮುಂಚೆ ಡಿಶ್ ಸರಿಮಾಡಿಕೊಳ್ಳುವುದು ಹೇಗೆ?

ಹಳೇ ಟಿವಿಯಲ್ಲಿ ಚಾನೆಲ್ ಸಿಗದಿದ್ದರೆ ತೆರೆ ತುಂಬಾ ಇರುವೆ ಮುತ್ತಿದ ಹಾಗೆ ಚುಕ್ಕೆಗಳು ಕಾಣುತ್ತಿದ್ದವು. ‘ಗ್ರೇನ್ಸ್ ಬರ್ತಿದೆ’ ಅನ್ನುತ್ತಿದ್ದೆವು, ಅಲ್ವಾ? ಅದೇ ನಾಯ್ಸ್. ಯಾವ ತಂತಿಯಲ್ಲೂ ಎಲೆಕ್ಟ್ರಾನುಗಳು ಸುಮ್ನೆ ಕೂರುವುದಿಲ್ಲ. ಬಿಸಿಗೆ ಅಡ್ಡಾದಿಡ್ಡಿ ಅಲುಗಾಡುತ್ತಿರುತ್ತವೆ. ಆ ಅಲುಗಾಟ ಸಿಗ್ನಲ್ ಜೊತೆ ಬೆರೆತುಬಿಡುತ್ತದೆ.

ಡಿಶ್‌ನಲ್ಲಿ ಗ್ರೇನ್ಸ್ ಕಾಣುವುದಿಲ್ಲ. ನಾಯ್ಸ್‌ನಿಂದಾದ ತಪ್ಪನ್ನು ಸೆಟ್‌ಟಾಪ್ ಬಾಕ್ಸೇ ತಿದ್ದಿಕೊಳ್ಳುತ್ತದೆ. ಆದರೆ ಅದಕ್ಕೊಂದು ಮಿತಿ ಇದೆ. ದಾಟಿತೋ, ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇಬಿಡುತ್ತದೆ. ಹಾಗಾಗಿ ಬಿಸಿಲಲ್ಲಿ ಚಿತ್ರ ಚೊಕ್ಕವಾಗಿದ್ದರೂ ನಂಬಬೇಡಿ. ಮೂಡಿಗೆರೆ, ಕೊಪ್ಪದ ಮಳೆ ಸಿಗ್ನಲ್ಲನ್ನು ಹೀರುವುದಷ್ಟೇ ಅಲ್ಲ, ತಾನೂ ಒಂದಿಷ್ಟು ನಾಯ್ಸ್ ಸೇರಿಸುತ್ತದೆ.

ಮೊದಲು ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ ಪುಟ ತೆರೆಯಿರಿ. ಸ್ಟ್ರೆಂತ್, ಕ್ವಾಲಿಟಿ ಅಂತ ಎರಡು ಪಟ್ಟಿ ಇರುತ್ತವೆ. ಎಲ್ಲರೂ ಸ್ಟ್ರೆಂತ್ ನೋಡುತ್ತಾರೆ. ಅದರಲ್ಲಿ ನಾಯ್ಸೂ ಸೇರಿರುತ್ತದೆ. ನೀವು ಕ್ವಾಲಿಟಿ ನೋಡಿ. ಟಿವಿ ಹತ್ತಿರ ಬೂಸ್ಟರ್ ಹಾಕಿದರೆ ಸಿಗ್ನಲ್ ಜೊತೆ ನಾಯ್ಸೂ ಅಷ್ಟೇ ದೊಡ್ಡದಾಗುತ್ತದೆ, ದುಡ್ಡು ದಂಡ.

ಈಗ ಬಾಕ್ಸ್ ಆಫ್ ಮಾಡಿ, ಪ್ಲಗ್ ಕಿತ್ತು ಮೇಲೆ ಹತ್ತಿ. ಡಿಶ್ ಮುಂದೆ ಕೋಲಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಪುಟ್ಟ ಡಬ್ಬಿಯೇ ಎಲ್‌ಎನ್‌ಬಿ. ಕೇಬಲ್ಲಿನಲ್ಲೇ ಅದಕ್ಕೆ 13 ಅಥವಾ 18 ವೋಲ್ಟ್ ಹೋಗುತ್ತಿರುತ್ತದೆ, ಶಾರ್ಟ್ ಆಗಬಾರದು. ಎಲ್‌ಎನ್‌ಬಿಗೆ ಕೇಬಲ್ ಸೇರುವ ತಿರುಪು ಬಿಚ್ಚಿ ನೋಡಿ. ನಡುವಿನ ತಂತಿ ಹೊಳೆಯುತ್ತಿರಬೇಕು. ಹಸಿರು ಕಿಲುಬು ಹಿಡಿದಿದ್ದರೆ ನೀರು ಇಳಿದಿದೆ ಅಂತಲೇ ಅರ್ಥ. ಅಷ್ಟುದ್ದ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ನೀರು ಹೋಗದ ಹಾಗೆ ಟೇಪ್ ಸುತ್ತಿ. ಕೇಬಲ್ಲನ್ನು ಒಮ್ಮೆ ಕೆಳಗೆ ಬಳುಕಿಸಿ ಆಮೇಲೆ ಮೇಲಕ್ಕೆ ಒಯ್ಯಿರಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇಷ್ಟಕ್ಕೇ ಎಷ್ಟೋ ಮನೆಗಳ ತೊಂದರೆ ಮುಗಿಯುತ್ತದೆ.

ಆಮೇಲೆ ದಿಕ್ಕು. ಡಿಡಿ ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ. ಸುಮಾರು 36,000 ಕಿ.ಮೀ. ಎತ್ತರದ ಆ ಉಪಗ್ರಹವನ್ನು ನೋಡಿಕೊಳ್ಳುವುದು ನಮ್ಮ ಪಕ್ಕದ ಹಾಸನದ ಇಸ್ರೋ ಕೇಂದ್ರ! ಚಿಕ್ಕಮಗಳೂರಿನಿಂದ ಅದು ಆಗ್ನೇಯಕ್ಕೆ, ಸುಮಾರು 64 ಡಿಗ್ರಿ ಮೇಲೆ ಇದೆ. ಆ ಕಡೆ ಸಿಲ್ವರ್ ಓಕ್ ಕೊಂಬೆ ಅಡ್ಡ ಬಂದಿದ್ದರೆ ಕಡಿಸಿ. ಒದ್ದೆ ಎಲೆ ತುಂಬಾ ಸಿಗ್ನಲ್ ನುಂಗುತ್ತದೆ. ಬಾಕ್ಸ್ ಆನ್ ಮಾಡಿ, ಒಬ್ಬರು ಟಿವಿ ಮುಂದೆ ಕೂತು ಕ್ವಾಲಿಟಿ ನಂಬರ್ ಕೂಗಿ ಹೇಳಲಿ. ನೀವು ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಿ, ತಡೆದು, ಮತ್ತೆ ತಿರುಗಿಸಿ. ನಂಬರ್ ಏರಿ ಇಳಿಯಲು ಶುರುವಾದ ಜಾಗದಿಂದ ಸ್ವಲ್ಪ ಹಿಂದಕ್ಕೆ ತಂದು ನಟ್ ಬಿಗಿಯಿರಿ.

ಆ ನಂಬರ್ ಬರೆದಿಡಿ. ಮೊದಲ ಜೋರು ಮಳೆಯಲ್ಲಿ ಮತ್ತೆ ನೋಡಿ. ಸ್ವಲ್ಪ ಇಳಿದು ನಿಂತರೆ ಪರವಾಗಿಲ್ಲ. ಸೊನ್ನೆಗೇ ಬಿದ್ದರೆ ದೊಡ್ಡ ಡಿಶ್ ಹಾಕಿಸಿ. 60 ಸೆಂ.ಮೀ. ಬದಲು 90 ಸೆಂ.ಮೀ. ಹಾಕಿದರೆ ಎರಡೂಕಾಲು ಪಟ್ಟು ಸಿಗ್ನಲ್ ಸಿಗುತ್ತದೆ.