ಜರಡಿಯ ಮೇಲೆ ಉಳಿಯುವ ಕಸ

ಯಾವುದು ಕರಗುವ ಕಸ, ಯಾವುದು ಕರಗದ ಕಸ ಅಂತ ಯಾರಾದರೂ ಕೇಳಿದರೆ ನಾನು ಪಟ್ಟಿ ಒಪ್ಪಿಸುವುದಿಲ್ಲ. ನಾನು ಗೊಬ್ಬರ ಜರಡಿ ಹಿಡಿಯುವ ದಿನ ಬನ್ನಿ ಅನ್ನುತ್ತೇನೆ. ಮನೆಯ ಕಸವನ್ನು ಡ್ರಮ್ಮಿನಲ್ಲಿ ಗೊಬ್ಬರ ಮಾಡುವುದು ನನಗೆ ಈಗ ಹಲ್ಲುಜ್ಜಿದಷ್ಟೇ ಮಾಮೂಲು. ಸಿಪ್ಪೆ, ಸೊಪ್ಪು, ಒದ್ದೆ ಕಾಗದ ಎಲ್ಲ ಗುರುತೇ ಸಿಗದ ಹಾಗೆ ಕಪ್ಪು ಪುಡಿಯಾಗಿ ಕೆಳಗೆ ಬೀಳುತ್ತವೆ. ಮೇಲೆ ಉಳಿದದ್ದನ್ನು ಆರಿಸುತ್ತಾ ಕೂತರೆ ಉತ್ತರ ಅಲ್ಲೇ ಸಿಗುತ್ತದೆ.

ಹಣ್ಣಿನ ಮೇಲಿನ ಪುಟ್ಟ ಸ್ಟಿಕ್ಕರ್ ಪ್ರತಿ ಸಲವೂ ಸಿಗುತ್ತದೆ. ಹಣ್ಣಿನ ಸಿಪ್ಪೆ ಮಾಯ, ಸ್ಟಿಕ್ಕರ್ ಮೇಲಿನ ಅಕ್ಷರ ಮಾತ್ರ ಹೊಸದರಂತೆ ಓದಬಹುದು. ಕೆಲವು ಟೀ ಬ್ಯಾಗುಗಳ ಒಳಗಿನ ಪುಡಿ ಗೊಬ್ಬರವಾಗಿ ಬರೀ ಜಾಲರಿ ಉಳಿದಿರುತ್ತದೆ. ಪೇಪರ್ ಕಪ್‌ನದ್ದಂತೂ ಇನ್ನೂ ಮಜಾ. ಕಾಗದವೆಲ್ಲ ಹೋಗಿ, ಕಪ್ಪಿನ ಆಕಾರದಲ್ಲೇ ಒಂದು ತೆಳ್ಳನೆಯ ಪೊರೆ ಕೈಗೆ ಬರುತ್ತದೆ. ಕಪ್ ಸೋರದಿರಲಿ ಅಂತ ಒಳಗೆ ಹಾಕಿದ ಪಾಲಿಥಿನ್ ಅದು. ಇದೆಲ್ಲ ನೋಡಿದ ಮೇಲೆ ಪೇಪರ್ ಕಪ್ಪನ್ನು ಕಾಗದ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹೀಗೇಕೆ? ಬ್ಯಾಕ್ಟೀರಿಯಾ, ಬೂಷ್ಟು ಇವಕ್ಕೆ ಹಲ್ಲಿಲ್ಲ. ಅವು ಕಿಣ್ವ ಬಿಟ್ಟು, ಉದ್ದುದ್ದ ಅಣುಗಳನ್ನು ಚಿಕ್ಕದಾಗಿ ಕತ್ತರಿಸಿ ಹೀರುತ್ತವೆ. ಪಿಷ್ಟ, ಪ್ರೋಟೀನ್, ಗಿಡಗಳ ಸೆಲ್ಯುಲೋಸ್ ಇವುಗಳಲ್ಲಿ ಎಲ್ಲಿ ಕತ್ತರಿ ಹಾಕಬೇಕು ಅನ್ನುವುದು ಅವಕ್ಕೆ ಕೋಟ್ಯಂತರ ವರ್ಷಗಳಿಂದ ಗೊತ್ತು. ಪಾಲಿಥಿನ್ ಪ್ರಯೋಗಾಲಯದಲ್ಲಿ ಹುಟ್ಟಿದ್ದೇ 1933ರಲ್ಲಿ. ಇಂಗಾಲಕ್ಕೆ ಇಂಗಾಲ ಅಂಟಿಕೊಂಡ ಉದ್ದನೆಯ ಸರಪಳಿ ಅದು, ಕಿಣ್ವಕ್ಕೆ ಹಿಡಿ ಸಿಗುವುದೇ ಇಲ್ಲ. ಬಿಸಿಲಿಗೆ ಬಿದ್ದ ಕವರ್ ಪುಡಿಪುಡಿ ಆಗುತ್ತದಲ್ವಾ ಅಂತ ಕೆಲವರು ಕೇಳುತ್ತಾರೆ. ಆಗುತ್ತದೆ. ಆದರೆ ಚೂರಾಗುವುದೇ ಬೇರೆ, ಕೊಳೆಯುವುದೇ ಬೇರೆ. ದೊಡ್ಡ ಪ್ಲಾಸ್ಟಿಕ್ ಹೋಗಿ ಸಣ್ಣ ಪ್ಲಾಸ್ಟಿಕ್ ಆಯಿತು, ಅಷ್ಟೇ. ಆರಿಸುವ ಕೆಲಸ ಇನ್ನೂ ಕಷ್ಟ.

ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಬಂದಿದೆಯಂತಲ್ಲ ಅನ್ನುವುದು ಇನ್ನೊಂದು ಪ್ರಶ್ನೆ. 2016ರಲ್ಲಿ ಜಪಾನಿನ ವಿಜ್ಞಾನಿಗಳು ಅಂಥದ್ದೊಂದರ ಬಗ್ಗೆ ಬರೆದದ್ದು ನಿಜ. ಅದು ಒಡೆದದ್ದು ನೀರಿನ ಬಾಟಲಿ ಮಾಡುವ ಪೆಟ್ ಅನ್ನುವ ಪ್ಲಾಸ್ಟಿಕ್ಕನ್ನು. ಅದೂ ತೆಳುವಾದ ಹಾಳೆ, 30 ಡಿಗ್ರಿ ಶಾಖ, ಸುಮಾರು ಆರು ವಾರ. ಅದನ್ನು ನಂಬಿಕೊಂಡು ನನ್ನ ಡ್ರಮ್ಮಿಗೆ ಬಾಟಲಿ ಹಾಕಲಾರೆ.

ಹಾಗಂತ ಪ್ರಕೃತಿಯಿಂದ ಬಂದದ್ದೆಲ್ಲ ಬೇಗ ಕರಗುತ್ತದೆ ಅಂತಲೂ ಅಲ್ಲ. ಮೊಟ್ಟೆಯ ಚಿಪ್ಪು ಜರಡಿಯ ಮೇಲೆ ಬಿಳಿಬಿಳಿಯಾಗಿ ಕೂತೇ ಇರುತ್ತದೆ. ಅದರ ಬಹುಪಾಲು ಸುಣ್ಣದ ಕಲ್ಲಿನ ಜಾತಿಯದು, ಸೂಕ್ಷ್ಮಜೀವಿಗೆ ಊಟ ಅಲ್ಲ. ಪುಡಿ ಮಾಡಿ ಹಾಕಿದರೆ ಹುಳಿ ಮಣ್ಣಿನಲ್ಲಿ ನಿಧಾನವಾಗಿ ಕರಗುತ್ತದೆ, ತೊಂದರೆಯೇನೂ ಇಲ್ಲ. ಕಡ್ಡಿ, ತರಗೆಲೆಯ ದಪ್ಪ ನರ, ಗಟ್ಟಿ ಬೀಜ ಇವೂ ಉಳಿಯುತ್ತವೆ. ಅವುಗಳಲ್ಲಿ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಜಾಸ್ತಿ, ಅದನ್ನು ಸರಿಯಾಗಿ ಒಡೆಯಬಲ್ಲವು ಕೆಲವು ಅಣಬೆ ಜಾತಿಯ ಶಿಲೀಂಧ್ರಗಳು ಮಾತ್ರ. ನಾನು ಅವನ್ನು ಮತ್ತೆ ಡ್ರಮ್ಮಿಗೇ ಹಾಕುತ್ತೇನೆ. ಹೊಸ ಕಸಕ್ಕೆ ಹೆಪ್ಪು ಹಾಕಿದ ಹಾಗಾಗುತ್ತದೆ.

ಕೊಳೆಯುವ ಕಸ ಕೊಳೆಯಲು ಜಾಗವೂ ಸರಿಯಿರಬೇಕು. ಇದನ್ನು ಜಾಸ್ತಿ ಜನ ಯೋಚಿಸುವುದಿಲ್ಲ. ಗಾಳಿ ಬೇಕು, ತೇವ ಬೇಕು, ಇಂಗಾಲಕ್ಕೂ ಸಾರಜನಕಕ್ಕೂ ಒಂದು ಲೆಕ್ಕ ಬೇಕು. ಸುಮಾರು 30ಕ್ಕೆ 1 ಇದ್ದರೆ ಚೆನ್ನ ಅನ್ನುತ್ತಾರೆ. ಮನೆಯಲ್ಲಿ ಯಾರು ಅಳೆಯುತ್ತಾರೆ? ಒಂದು ಪಾಲು ಅಡುಗೆಮನೆ ಕಸಕ್ಕೆ ಇಂಗಾಲ ಜಾಸ್ತಿಯಿರುವ ತರಗೆಲೆ ಎರಡು ಪಾಲು ಹಾಕುತ್ತೇನೆ. ಒಂದು ಹಿಡಿ ತೆಗೆದು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಗಬ್ಬು ವಾಸನೆ ಬಂತೆಂದರೆ ಒಳಗೆ ಗಾಳಿಯಿಲ್ಲ ಅಂತಲೇ ಅರ್ಥ. ಕೋಲು ಹಾಕಿ ತಿರುವಿ, ಇನ್ನಷ್ಟು ತರಗೆಲೆ ಸೇರಿಸಿದರೆ ಸರಿಹೋಗುತ್ತದೆ.

ಗಾಳಿಯಾಡದ ಕಸದ ಗುಡ್ಡೆಯಲ್ಲಿ ಏನಾಗುತ್ತದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇದೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ವಿಲಿಯಂ ರಾಥ್ಜೆ ಅನ್ನುವ ಪುರಾತತ್ವ ಶಾಸ್ತ್ರಜ್ಞರು 1973ರಲ್ಲಿ ಜನರ ಕಸವನ್ನೇ ಅಧ್ಯಯನ ಮಾಡಲು ಶುರು ಮಾಡಿದರು. ಮುಂದೆ ಅವರ ತಂಡ ಹಳೆಯ ಕಸದ ಗುಡ್ಡೆಗಳನ್ನು ಅಗೆದಾಗ, ದಶಕಗಳ ಹಿಂದಿನ ದಿನಪತ್ರಿಕೆಗಳು ಆರಾಮಾಗಿ ಓದುವ ಸ್ಥಿತಿಯಲ್ಲಿ ಸಿಕ್ಕವು. ಕಾಗದ ಕೊಳೆಯುವ ವಸ್ತುವೇ, ಅನುಮಾನವಿಲ್ಲ. ಅಲ್ಲಿ ಕೊಳೆಯಲು ಅನುಕೂಲ ಇರಲಿಲ್ಲ, ಅಷ್ಟೇ. ಇನ್ನು ಗಾಳಿಯಿಲ್ಲದೆ ಕೊಳೆತದ್ದು ಮೀಥೇನ್ ಅನ್ನುವ ಅನಿಲ ಬಿಡುತ್ತದೆ. ಭೂಮಿ ಬಿಸಿಯಾಗಿಸುವುದರಲ್ಲಿ ಅದು 100 ವರ್ಷದ ಲೆಕ್ಕಕ್ಕೆ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜೋರು. ಅದಕ್ಕೇ ಸಿಪ್ಪೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಎಸೆಯುವುದನ್ನು ಕಂಡರೆ ನನಗೆ ಮೈ ಉರಿಯುತ್ತದೆ.

‘ಮಣ್ಣಲ್ಲಿ ಕರಗುತ್ತದೆ’ ಅಂತ ಬರೆದುಕೊಂಡ ಕವರುಗಳನ್ನು ನಾನು ಹಾಗೇ ಡ್ರಮ್ಮಿಗೆ ಹಾಕುವುದಿಲ್ಲ. ಅನುಮಾನದ ವಸ್ತುಗಳಿಗೆಲ್ಲ ನನ್ನದೊಂದು ವಿಧಾನವಿದೆ. ಚಿಕ್ಕದೊಂದು ನೈಲಾನ್ ಬಲೆಯ ಚೀಲದಲ್ಲಿ ತುಂಡು ಹಾಕಿ, ಬಾಯಿ ಕಟ್ಟಿ, ಡ್ರಮ್ಮಿನ ನಡುವೆ ಹೂಳುತ್ತೇನೆ. ದಾರದ ತುದಿ ಹೊರಗಿರುತ್ತದೆ. ಗೊಬ್ಬರ ತೆಗೆಯುವಾಗ ಚೀಲ ಬಿಚ್ಚಿ ನೋಡುವುದು. ಜೋಳದ ಪಿಷ್ಟದಿಂದ ಮಾಡುವ ಪಿಎಲ್ಎ ಅನ್ನುವ ಪ್ಲಾಸ್ಟಿಕ್ಕಿನ ಚಮಚ ಹೋದ ಹಾಗೇ ಬಂತು. ಅದಕ್ಕೆ 60 ಡಿಗ್ರಿ ಹತ್ತಿರದ ಶಾಖ ವಾರಗಟ್ಟಲೆ ಬೇಕು. ದೊಡ್ಡ ಘಟಕಗಳಲ್ಲಿ ಅದು ಸಾಧ್ಯ, ಮನೆಯ ಡ್ರಮ್ ಅಷ್ಟು ಹೊತ್ತು ಬಿಸಿ ಹಿಡಿಯುವುದಿಲ್ಲ. ಗೊಬ್ಬರವಾಗುವ ಪ್ಯಾಕಿಂಗ್ ವಸ್ತುಗಳಿಗೆ ಯುರೋಪಿನಲ್ಲಿರುವ ಇಎನ್ 13432 ಮಾನದಂಡದಲ್ಲೂ ಜರಡಿಯ ಪರೀಕ್ಷೆಯೇ ಇದೆ. 12 ವಾರದ ನಂತರ 2 ಮಿಲಿಮೀಟರ್ ಜರಡಿಯ ಮೇಲೆ ಶೇಕಡಾ 10ಕ್ಕಿಂತ ಜಾಸ್ತಿ ಉಳಿಯಬಾರದು. ಆದರೆ ಅದು ಕಾರ್ಖಾನೆಯಂಥ ಘಟಕದ ಲೆಕ್ಕ.

ಅದೇ ಚೀಲಕ್ಕೆ ಹಳೆಯ ಹತ್ತಿ ಅಂಗಿಯ ತೋಳನ್ನೂ ಹಾಕಿದ್ದೆ. ಬಟ್ಟೆ ಪೂರ್ತಿ ಹೋಗಿತ್ತು. ಉಳಿದದ್ದು ಹೊಲಿಗೆಯ ಪಾಲಿಯೆಸ್ಟರ್ ದಾರ, ತೋಳಿನ ಅಂಚು ಎಲ್ಲಿತ್ತು ಅಂತ ಗೆರೆ ಎಳೆದ ಹಾಗೆ. ಜೊತೆಗೆ ಒಂದು ಗುಂಡಿ. ಈಗ ಹತ್ತಿ ಬಟ್ಟೆ ಹಾಕುವ ಮುಂಚೆ ಹೊಲಿಗೆ ಬಿಚ್ಚುತ್ತೇನೆ.

ಗಾಜು, ಅಲ್ಯೂಮಿನಿಯಂ ಕೊಳೆಯುವುದಿಲ್ಲ ನಿಜ, ಆದರೆ ಕರಗಿಸಿ ಮತ್ತೆ ಮತ್ತೆ ಬಳಸಬಹುದು. ಅವನ್ನು ತೊಳೆದು ಒಣಗಿಸಿ ಎತ್ತಿಡುತ್ತೇನೆ. ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಮೂರನ್ನೂ ಅಂಟಿಸಿದ ಪೆಟ್ಟಿಗೆಗಳದ್ದೇ ತಲೆನೋವು. ಬಿಡಿಸಲು ದೊಡ್ಡ ಯಂತ್ರವೇ ಬೇಕು. ಡ್ರಮ್ಮಿಗಂತೂ ಬೇಡವೇ ಬೇಡ. ಬ್ಯಾಟರಿ, ಬಲ್ಬು, ಅವಧಿ ಮುಗಿದ ಮಾತ್ರೆ ಇವು ಹಸಿ ಕಸ, ಒಣ ಕಸ ಎರಡೂ ಬುಟ್ಟಿಗೆ ಸೇರುವುದಿಲ್ಲ, ಬೇರೆಯೇ ಡಬ್ಬಿ ಇಟ್ಟಿದ್ದೇನೆ. ಬಿಲ್ಲಿನ ನುಣುಪು ಕಾಗದವನ್ನೂ ಗೊಬ್ಬರಕ್ಕೆ ಹಾಕುವುದಿಲ್ಲ. ಅದರ ಮೇಲೆ ರಾಸಾಯನಿಕದ ಲೇಪ ಇರುತ್ತದೆ, ಮರುಬಳಕೆಯ ಕಾಗದದ ಜೊತೆಗೂ ಸೇರಿಸುವ ಹಾಗಿಲ್ಲ.