ಮೂರು ದಾಳಗಳಿಂದ ನಾನು ಕಲಿತ ನಿರೀಕ್ಷಿತ ಮೌಲ್ಯ

ನಿರೀಕ್ಷಿತ ಮೌಲ್ಯದ ಸೂತ್ರ ಒಂದೇ ಸಾಲಿನದು. ಪ್ರತಿ ಫಲಿತಾಂಶದಲ್ಲಿ ಕೈಗೆ ಸಿಗುವುದನ್ನು ಅದರ ಸಂಭವನೀಯತೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿಸಬೇಕು. ಬಾಯಿಪಾಠ ಮಾಡುವುದು ಸುಲಭ, ಮನಸ್ಸಿಗೆ ಇಳಿಯುವುದು ತಡ. ಒಂದು ದಾಳದ ನಿರೀಕ್ಷಿತ ಮೌಲ್ಯ 3.5, ಆದರೆ ಯಾವ ಎಸೆತದಲ್ಲೂ 3.5 ಬೀಳುವುದಿಲ್ಲ. ಅದು ಮುಂದಿನ ಎಸೆತದ ಭವಿಷ್ಯವಲ್ಲ, ಎಸೆಯುತ್ತಲೇ ಹೋದರೆ ಸರಾಸರಿ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬ ಲೆಕ್ಕ. ನನಗೆ ಇದು ಮನದಟ್ಟಾದದ್ದು ಮೂರು ದಾಳಗಳ ಒಂದು ಜೂಜನ್ನು ಕಾಗದದ ಮೇಲೆ ಬಿಡಿಸಿ ನೋಡಿದಾಗ.

ಆಟದ ಹೆಸರು ಚಕ್-ಎ-ಲಕ್. 1ರಿಂದ 6ರೊಳಗಿನ ಒಂದು ಸಂಖ್ಯೆಯ ಮೇಲೆ ಒಂದು ನಾಣ್ಯ ಕಟ್ಟುತ್ತೀರಿ, ಮೂರು ದಾಳ ಉರುಳುತ್ತವೆ. ನಿಮ್ಮ ಸಂಖ್ಯೆ ಒಂದು ದಾಳದಲ್ಲಿ ಬಂದರೆ 1 ನಾಣ್ಯ ಲಾಭ, ಎರಡರಲ್ಲಿ ಬಂದರೆ 2, ಮೂರರಲ್ಲೂ ಬಂದರೆ 3. ಬರದೇ ಹೋದರೆ ಕಟ್ಟಿದ ನಾಣ್ಯ ಹೋಯಿತು. ಒಂದೊಂದು ದಾಳಕ್ಕೂ ಆರರಲ್ಲೊಂದು ಅವಕಾಶ, ದಾಳ ಮೂರು, ಅಲ್ಲಿಗೆ ಅರ್ಧಕ್ಕರ್ಧ ಅನ್ನಿಸುತ್ತದೆ. ಜೋಡಿ ಬಿದ್ದರೆ ಹೆಚ್ಚಿನ ಲಾಭ ಬೇರೆ!

ಇಂಥದ್ದು ಎದುರಾದಾಗ ನಾನು ಮಾಡುವುದು ಇಷ್ಟೇ: ಹಾಳೆಯಲ್ಲಿ ಮೂರು ಕಾಲಂ ಎಳೆಯುತ್ತೇನೆ. ಏನಾಗಬಹುದು, ಎಷ್ಟು ಸಲ, ಕೈಗೆ ಎಷ್ಟು. ಮೂರು ದಾಳಗಳು ಬೀಳುವ ಬಗೆಗಳು 216. ಅವುಗಳಲ್ಲಿ 125ರಲ್ಲಿ ನಿಮ್ಮ ಸಂಖ್ಯೆಯ ಸುಳಿವೇ ಇಲ್ಲ. 75ರಲ್ಲಿ ಒಮ್ಮೆ, 15ರಲ್ಲಿ ಎರಡು ಸಲ, 1ರಲ್ಲಿ ಮೂರು ಸಲ ಬರುತ್ತದೆ. ಲಾಭ 75 + 30 + 3, ಅಂದರೆ 108. ನಷ್ಟ 125. 216 ನಾಣ್ಯ ಕಟ್ಟಿದವರಿಗೆ ಸರಾಸರಿ 17 ಖೋತಾ, ನೂರಕ್ಕೆ ಸುಮಾರು 7.9.

ಆ 108ರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಅದು 216ರ ಸರಿಯಾಗಿ ಅರ್ಧ. ನಿಮ್ಮ ಸಂಖ್ಯೆ ಒಂದು ಆಟದಲ್ಲಿ ಸರಾಸರಿ ಎಷ್ಟು ಸಲ ಬೀಳುತ್ತದೆ ಎಂದು ಕೇಳಿದರೆ ಉತ್ತರ ನಿಜಕ್ಕೂ ಅರ್ಧ. ಕನಿಷ್ಠ ಒಮ್ಮೆ ಬೀಳುವ ಸಂಭವನೀಯತೆ ಮಾತ್ರ 91/216, ಶೇ. 42ರಷ್ಟು. ಕೆಲವು ಎಸೆತಗಳಲ್ಲಿ ಅದೇ ಸಂಖ್ಯೆ ಎರಡು ಮೂರು ಸಲ ಗುಂಪುಗೂಡುವುದರಿಂದ ಉಳಿದ ಎಸೆತಗಳು ಬರಿದಾಗುತ್ತವೆ. ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಂಡರೆ ವಿಷಯದ ಮುಕ್ಕಾಲು ಪಾಲು ಬಂದಂತೆ.

ಆ 17 ನಾಣ್ಯ ಎಲ್ಲಿಂದ ಸೋರುತ್ತದೆ? ಆರೂ ಸಂಖ್ಯೆಗಳ ಮೇಲೆ ಒಂದೊಂದು ನಾಣ್ಯ ಇಡಿ. ಮೂರು ದಾಳಗಳೂ ಬೇರೆ ಬೇರೆ ಬಿದ್ದರೆ ಮೂರು ನಾಣ್ಯ ಗೆಲುವು, ಮೂರು ಸೋಲು, ಸರಿಗೆ ಸರಿ. ಜೋಡಿ ಬಿದ್ದರೆ ಗೆಲುವು 2 + 1, ಸೋಲು 4; ಒಂದು ನಾಣ್ಯ ಆಡಿಸುವವನ ಪಾಲು. ಮೂರೂ ಒಂದೇ ಬಿದ್ದರೆ ಗೆಲುವು 3, ಸೋಲು 5. ಎರಡು ಅವನ ಪಾಲು. ಆಟಗಾರ ಆಸೆಯಿಂದ ಕಾಯುವ ಜೋಡಿಗಳೇ ಆಡಿಸುವವನ ಆದಾಯ. ಇದನ್ನು ಕಂಡುಕೊಂಡಾಗ ಆದ ಸಂತೋಷ ನನಗೆ ಇನ್ನೂ ಹಳತಾಗಿಲ್ಲ.

ತಿರುಗುವ ಚಕ್ರದಲ್ಲಿ ಚೆಂಡು ಯಾವ ಮನೆಗೆ ಬೀಳುತ್ತದೆ ಎಂದು ಕಟ್ಟುವ ರೂಲೆಟ್ ಇದಕ್ಕಿಂತ ಸರಳ. ಯುರೋಪಿಯನ್ ಚಕ್ರದಲ್ಲಿ 37 ಮನೆ, ಒಂದೇ ಸಂಖ್ಯೆಗೆ ಕಟ್ಟಿ ಗೆದ್ದರೆ 35 ಪಟ್ಟು ಲಾಭ. ಖೋತಾ ಶೇ. 2.7. ಅಮೆರಿಕನ್ ಚಕ್ರದಲ್ಲಿ 00 ಎಂಬ ಒಂದು ಮನೆ ಹೆಚ್ಚಿದ್ದು, ಖೋತಾ ಶೇ. 5.26ಕ್ಕೆ ಏರುತ್ತದೆ. ಸೋತಾಗಲೆಲ್ಲ ಪಣ ದುಪ್ಪಟ್ಟು ಮಾಡಿದರೂ ಇದು ತಿರುಗುವುದಿಲ್ಲ. ಪ್ರತಿ ಪಣದ ನಿರೀಕ್ಷಿತ ಮೌಲ್ಯವೂ ಋಣಾತ್ಮಕ. ಅವನ್ನು ಎಷ್ಟು ಕೂಡಿಸಿದರೂ ಧನಾತ್ಮಕ ಬರದು.

ಜೂಜಿನಾಚೆ ಈ ಹಾಳೆ ನನಗೆ ಹೆಚ್ಚು ಕೆಲಸಕ್ಕೆ ಬಂದಿರುವುದು ಪರೀಕ್ಷೆಗೆ ಓದುವವರಿಗೆ ಹೇಳಿಕೊಡುವಾಗ. ನಾಲ್ಕು ಆಯ್ಕೆ, ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ ಎಂದಿಟ್ಟುಕೊಳ್ಳಿ. ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ ಕಾಲು ಅಂಕ ಸಿಗುತ್ತದೆ. ಒಂದು ಆಯ್ಕೆ ಖಂಡಿತ ತಪ್ಪೆಂದು ತಿಳಿದರೆ ಅದು ಮೂರನೇ ಎರಡು ಅಂಕ, ಎರಡನ್ನು ತೆಗೆದುಹಾಕಿದರೆ ಒಂದೂವರೆ. ಕಡಿತ ಸರಿಯುತ್ತರದ ಅಂಕದ ಮೂರನೇ ಒಂದು ಭಾಗವಾಗಿದ್ದರೆ ಕುರುಡು ಊಹೆಯ ಬೆಲೆ ಸೊನ್ನೆ. 'ಗೊತ್ತಿಲ್ಲದಿದ್ದರೆ ಬಿಟ್ಟುಬಿಡು' ಎಂದು ಎಲ್ಲರಿಗೂ ಒಂದೇ ಬುದ್ಧಿಮಾತು ಹೇಳುವುದನ್ನು ನಾನು ಒಪ್ಪುವುದಿಲ್ಲ. ಮೊದಲು ಅಂಕದ ನಿಯಮ ನೋಡಬೇಕು.

ವಿಮೆಯ ಹತ್ತಿರ ಬಂದಾಗ ಸರಾಸರಿ ಒಂದೇ ಸಾಲದು. ಒಂದು ಸಾಧನ ಕೆಡುವ ಸಾಧ್ಯತೆ ಹತ್ತರಲ್ಲೊಂದು, ರಿಪೇರಿಗೆ 40 ನಾಣ್ಯ ಎಂದುಕೊಂಡರೆ ನಿರೀಕ್ಷಿತ ಖರ್ಚು 4. ಅದಕ್ಕೆ 12 ನಾಣ್ಯದ ಹೆಚ್ಚುವರಿ ವಾರಂಟಿ ನಾನು ಕೊಳ್ಳುವುದಿಲ್ಲ. ಮನೆಯ ವಿಮೆಯಲ್ಲೂ ಕಂತು ಸಾಮಾನ್ಯವಾಗಿ ನಿರೀಕ್ಷಿತ ನಷ್ಟಕ್ಕಿಂತ ಹೆಚ್ಚೇ, ಆದರೆ ಅದನ್ನು ಕೊಳ್ಳುತ್ತೇನೆ. ಗಣಿತಜ್ಞ ಡೇನಿಯಲ್ ಬರ್ನೌಲಿ 1738ರಲ್ಲಿ ಇದಕ್ಕೆ ಕಾರಣ ಕೊಟ್ಟಿದ್ದ: ಹಣ ಹೆಚ್ಚಿದಷ್ಟೂ ಮುಂದಿನ ಒಂದು ನಾಣ್ಯದ ಉಪಯೋಗ ಕಡಿಮೆಯಾಗುತ್ತದೆ. ಹಾಗಾಗಿ ಇದ್ದದ್ದೆಲ್ಲ ಹೋಗುವ ನಷ್ಟ, ಅಷ್ಟೇ ಮೊತ್ತದ ಲಾಭಕ್ಕಿಂತ ಬಹಳ ಭಾರ. ಸರಾಸರಿಯು ಹಲವು ಸಲ ಆಡುವವರ ಲೆಕ್ಕ. ಸುಟ್ಟ ಮನೆಯನ್ನು ಮತ್ತೆ ಮತ್ತೆ ಆಡಿ ಸರಿದೂಗಿಸಲು ಆಗದು, ವಿಮಾ ಕಂಪನಿಗೆ ಮಾತ್ರ ಸಾವಿರಾರು ಮನೆಗಳ ಸರಾಸರಿ ಇರುತ್ತದೆ. ಆದ್ದರಿಂದ ಇಂಥ ನಿರ್ಧಾರಗಳಿಗೆ ನನ್ನ ಹಾಳೆಯಲ್ಲಿ ನಾಲ್ಕನೆಯ ಕಾಲಂ ಇದೆ: ಅತಿ ಕೆಟ್ಟ ಸಾಲು ಮೊದಲ ಸಲವೇ ಬಂದರೆ ತಡೆದುಕೊಳ್ಳಬಲ್ಲೆನೇ?