ಮಕ್ಕಳನ್ನು ಕೂರಿಸದೇ ಮಾಡಿದ ಕ್ರಿಸ್ಮಸ್ ಪ್ರಾರ್ಥನೆ: ನನ್ನ ಅನುಭವ

ಕ್ರಿಸ್ಮಸ್ ಹಿಂದಿನ ರಾತ್ರಿ ಕುಟುಂಬ ಪ್ರಾರ್ಥನೆಗೆ ನಮ್ಮ ಮನೆ ಮಕ್ಕಳು ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲ್ಲ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿದ್ದರು. ಹೋದ ಡಿಸೆಂಬರಿನಲ್ಲಿ ಅದೇ ಮಕ್ಕಳು ಒಂದು ಗಂಟೆಗೂ ಮೇಲೆ ನಿಂತರು. ಒಬ್ಬರೂ ಮೊಬೈಲ್ ಕೇಳಲಿಲ್ಲ. "ಹುಡುಗರು ಅಲ್ರಿ ವೈನಿ, ಮಂಗ್ಯಾ ಅದಾವ. ಸುಮ್ನ ತ್ರಾಸ ತಗೋಬ್ಯಾಡ್ರಿ" ಅಂದಿದ್ದ ಮೈದುನನೇ ಈಗ ಪುಣೆಯಲ್ಲಿ ತನ್ನ ಚರ್ಚಿನ ಸಭೆಯವರಿಗೆ ಇದನ್ನು ಹೇಳಿಕೊಂಡು ತಿರುಗುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ. ಅವನು ಅರ್ಧ ತಪ್ಪು ಹೇಳುತ್ತಾನೆ.

ನಮ್ಮದು ಬೆಳಗಾವಿಯ ಹಳೆಯ ಮೆಥೋಡಿಸ್ಟ್ ಮನೆ, ಪ್ರೊಟೆಸ್ಟೆಂಟರಲ್ಲಿ ಒಂದು ಪಂಗಡ. ಇಲ್ಲಿಯ ಲಂಡನ್ ಮಿಷನ್ನಿನ ಕೆಲಸ 1904ರಲ್ಲಿ ಮೆಥೋಡಿಸ್ಟರ ಕೈಗೆ ಬಂತಲ್ಲ, ಅದಕ್ಕೂ ಮುಂಚಿನಿಂದ ನಾವು ಇಲ್ಲಿಯವರು ಅಂತ ಮಾವ ಹೇಳುತ್ತಾರೆ. ಅತ್ತೆಯ ತವರು ಗುಳೇದಗುಡ್ಡ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಡೆಯವರು. ಹಬ್ಬಕ್ಕೆ ಎರಡೂ ಕಡೆಯವರು ಸೇರಿದರೆ ಇಪ್ಪತ್ತೈದು ಜನ ದಾಟುತ್ತದೆ. ಅದರಲ್ಲಿ ಹತ್ತು ಹನ್ನೆರಡು ಮಕ್ಕಳು.

ಮೊದಲು ದುಡ್ಡು ಹೋದ ಕತೆ. ಒಂದು ವರ್ಷ ಬಾಡಿಗೆ ಸಾಂತಾ ಕರೆಸಿದೆವು, ಎರಡು ಸಾವಿರದ ಹತ್ತಿರ. ಸಣ್ಣವರು ಅತ್ತರು, ದೊಡ್ಡವರು ಅವನ ಗಡ್ಡ ಎಳೆದರು. ಚಾಕ್ಲೇಟ್ ಖಾಲಿಯಾದ ಮೇಲೆ ಪ್ರಾರ್ಥನೆಗೆ ಒಂದೂ ತಲೆ ಇಲ್ಲ. ಮುಂದಿನ ವರ್ಷ ಪ್ರೊಜೆಕ್ಟರ್ ಬಾಡಿಗೆ ತಂದು ಬೈಬಲ್ ಕಾರ್ಟೂನ್ ಹಾಕಿದೆವು. ಆ ಕತ್ತಲಿನಲ್ಲಿ ಗಂಡಸರು ನಿದ್ದೆ ಹೊಡೆದರು. ಆಮೇಲೆ ಬೈಬಲ್ ಕ್ವಿಜ್. ಬಹುಮಾನಕ್ಕೇ ಮೂರು ಸಾವಿರ. ಗೆದ್ದದ್ದು ಪ್ರತಿ ಸಲ ಒಂದೇ ಹುಡುಗಿ, ಅವಳ ಅಮ್ಮ ಸಂಡೇ ಸ್ಕೂಲ್ ಟೀಚರು. ಉಳಿದ ತಾಯಂದಿರ ಮುಖ ನೋಡಬೇಕಿತ್ತು. ಹೊಸ ವರ್ಷದ ತನಕ ಇಬ್ಬರು ಮಾತೇ ಆಡಲಿಲ್ಲ.

ಅಷ್ಟರಲ್ಲಿ ಅತ್ತೆ ತೀರಿಕೊಂಡರು. ಆ ವರ್ಷದ ಹಬ್ಬ ಹಬ್ಬದಂತಿರಲಿಲ್ಲ. ಮಾವ ಊಟಕ್ಕೆ ಕೂಡ ಹೊರಗೆ ಬರಲಿಲ್ಲ. ಬಂದ ಅಯ್ನೋರು, ಅಂದರೆ ನಮ್ಮ ಪಾದ್ರಿ, ಚೆಂದ ಪ್ರಾರ್ಥನೆ ಮಾಡಿದರು, ಆದರೆ ಮನೆಯ ಭಾರ ಇಳಿಯಲಿಲ್ಲ. ಮಕ್ಕಳಂತೂ ದೊಡ್ಡವರ ಮುಖ ನೋಡಿ ಹೆದರಿ ಕೋಣೆಯಲ್ಲೇ ಉಳಿದರು. ಇನ್ನು ಮಕ್ಕಳಿಗೆ ಕೆಲಸ ಕೊಡೋಣ, ಕೂರಿಸೋದು ಬಿಡೋಣ ಅಂತ ಆಗ ನಾನು ಹಟ ಹಿಡಿದೆ.

ಕೆಲಸ ಅಂದರೆ ಮಣ್ಣಿನ ಕೆಲಸ. ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆ, ಅದರ ಬೊಂಬೆ ಸೆಟ್ ಅಂಗಡಿಯಲ್ಲಿ ಸಾವಿರಕ್ಕೆ ಕಮ್ಮಿ ಇಲ್ಲ. ಮಕ್ಕಳು ಮುಟ್ಟಿದರೆ ಬೈಯಬೇಕು, ಆಮೇಲೆ ಅವರಿಗೆ ಅದರಲ್ಲೇನು ಕೆಲಸ? ಗಣಪತಿ ಮಾಡುವವರ ಹತ್ತಿರ ಉಳಿದ ಶಾಡು ಮಣ್ಣು ಕೇಳಿ ತಂದೆ. ನೂರು ನೂರೈವತ್ತು ರೂಪಾಯಿಗೆ ಒಂದು ದೊಡ್ಡ ಬುಟ್ಟಿ. ಮೊದಲ ಸಲದ ಬೊಂಬೆಗಳನ್ನು ಬಿಸಿಲಿಗಿಟ್ಟು ಎಲ್ಲ ಸೀಳಿದವು, ಯೋಸೇಫನ ಸೊಂಟವೇ ಮುರಿಯಿತು. ನೆರಳಲ್ಲಿ ಒದ್ದೆ ಬಟ್ಟೆ ಹೊದಿಸಿ ನಿಧಾನಕ್ಕೆ ಒಣಗಿಸಬೇಕು. ಬೊಂಬೆ ಅಂಗೈಗಿಂತ ದೊಡ್ಡದಾಗಬಾರದು. ಕಾಲು ಮಾಡಬಾರದು, ನಿಲುವಂಗಿ ನೆಲದ ತನಕ ಇಳಿಸಿಬಿಡಿ, ಬೀಳಲ್ಲ. ಮಣ್ಣಿಗೆ ನಾನು ಇನ್ನೊಂದು ಕಲಸುತ್ತೇನೆ. ಅದನ್ನು ಹೇಳಲ್ಲ.

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರ ಈ ಕೆಲಸ. ಕೈಯಲ್ಲಿ ಮಣ್ಣು, ಬಾಯಲ್ಲಿ ಲೂಕ, ಅಂದರೆ ಬೈಬಲ್ಲಿನಲ್ಲಿ ಲೂಕ ಬರೆದ ಯೇಸುವಿನ ಕತೆ. ಓದೋದು ಸ್ವಲ್ಪವೇ. ಮೊದಲ ವಾರ ಮುದುಕ ಯಾಜಕ ಜಕರೀಯ, ಆಮೇಲೆ ಯೇಸುವಿನ ತಾಯಿ ಮರಿಯಳ ಹತ್ತಿರ ಬಂದ ದೇವದೂತ. ಎರಡನೇ ವಾರ ಮರಿಯಳು ಜಕರೀಯನ ಹೆಂಡತಿ ಎಲಿಸಬೇತಳ ಮನೆಗೆ ಹೋಗಿ ಸುಮಾರು ಮೂರು ತಿಂಗಳು ಇದ್ದದ್ದು. ಇದು ಹೆಣ್ಣುಮಕ್ಕಳಿಗೆ ಬಹಳ ಹಿಡಿಸಿತು. ಬಸುರಿಯರಿಬ್ಬರು ಮೂರು ತಿಂಗಳು ಏನು ಮಾತಾಡಿರಬಹುದು ಅಂತ ಅವರೇ ಕತೆ ಕಟ್ಟಿದರು. ಮೂರನೇ ವಾರ ಪ್ರಯಾಣ. ನಜರೇತಿನಿಂದ ಬೆತ್ಲೆಹೇಮಿಗೆ ನೂರೈವತ್ತು ಕಿಲೋಮೀಟರಿನ ಆಸುಪಾಸು, ಹತ್ತಿರ ಹತ್ತಿರ ನಮ್ಮೂರಿಂದ ಬಾಗಲಕೋಟೆಗೆ ಆಗುವಷ್ಟು. ಅಜ್ಜಿ ಊರಿಗೆ ಹೋಗುವ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಮಕ್ಕಳಿಗೆ ಅಷ್ಟು ಹೇಳಿದರೆ ಸಾಕಾಯಿತು. "ನಡಕೋಂತ? ಹೊಟ್ಯಾಗ ಕೂಸ ಇಟಗೊಂಡು?" ನಾಲ್ಕನೇ ವಾರ ಓದು ಇಲ್ಲ, ಬಣ್ಣ ಮಾತ್ರ. ಸುಣ್ಣ, ಕೆಮ್ಮಣ್ಣು, ಸ್ವಲ್ಪ ಅರಿಶಿಣ.

ಗುಳೇದಗುಡ್ಡದ ಮಕ್ಕಳಿಗೆ ಮಣ್ಣು ಬಸ್ಸಿನಲ್ಲಿ ಕಳಿಸಿದೆ. ಅವರ ಕುರಿಗಳು ನಮ್ಮವರ ಒಂಟೆಗಿಂತ ದೊಡ್ಡವು. ಇರಲಿ ಬಿಡಿ.

24ರ ರಾತ್ರಿ ಹೀಗೆ. ಮನೆಯ ಪ್ರತಿ ಬಾಗಿಲು ಮುಚ್ಚಿರುತ್ತದೆ. ಮೇಲೆ ಮಕ್ಕಳೇ ಬರೆದ ಚೀಟಿ, "ಜಾಗ ಇಲ್ಲ". ಬೆತ್ಲೆಹೇಮಿನ ಛತ್ರದಲ್ಲಿ ಮರಿಯಳಿಗೆ, ಯೋಸೇಫನಿಗೆ ಜಾಗ ಸಿಗಲಿಲ್ಲವಲ್ಲ, ಹಾಗೆ. ಛತ್ರದವನ ಪಾರ್ಟು ಯಾರಿಗೂ ಕೊಡಲ್ಲ. ಕೊಟ್ಟಿದ್ದರೆ ಮೈದುನ ಬಿಡುತ್ತಿರಲಿಲ್ಲ, ಲೂಕನಲ್ಲಿ ಛತ್ರದ ಮಾತಿದೆ, ಛತ್ರದವನು ಎಲ್ಲಿದ್ದಾನೆ ಅಂತ. ಅವನ ಮಾತು ನಿಜ. ಕೂಸನ್ನು ನೋಡಲು ಬಂದ ಕುರುಬರು ಲೂಕನಲ್ಲಿ ಮಾತ್ರ, ನಕ್ಷತ್ರ ನೋಡಿ ಬಂದ ಜೋಯಿಸರು ಮತ್ತಾಯನ ಸುವಾರ್ತೆಯಲ್ಲಿ ಮಾತ್ರ, ಅವರು ಮೂವರೇ ಅಂತಲೂ ಮತ್ತಾಯ ಹೇಳಿಲ್ಲ. ಅದಕ್ಕೇ ಜೋಯಿಸರ ಬೊಂಬೆಗಳು ಅವತ್ತು ಅಡುಗೆಮನೆ ಕಿಟಕಿಯಲ್ಲಿ ಇರುತ್ತವೆ. ದಿನಕ್ಕೊಂದಿಷ್ಟು ಮುಂದೆ ಸರಿದು ಜೋಯಿಸರು ಬಂದದ್ದನ್ನು ನೆನೆಯುವ ಜನವರಿ 6ಕ್ಕೆ ಗೋದಲಿ ಮುಟ್ಟುತ್ತವೆ.

ಮಕ್ಕಳು ಟಾರ್ಚ್ ಹಿಡಿದು ಬಾಗಿಲು ಬಾಗಿಲು ಬಡಿಯುತ್ತಾರೆ. ಪ್ರತಿ ಬಾಗಿಲಲ್ಲಿ ಒಬ್ಬ ಮಗು ಒಂದೆರಡು ವಚನ ಓದುತ್ತದೆ. ಒಂದು ಹಾಡಿನ ಒಂದೇ ಚರಣ, ಮುಂದಿನ ಬಾಗಿಲು. ಕೊನೆಗೆ ಹಿತ್ತಲಿನ ಸ್ಕೂಟರ್ ಶೆಡ್. ಮಾವನ ಹುಡುಗತನದಲ್ಲಿ ಅಲ್ಲಿ ಎಮ್ಮೆ ಕಟ್ಟುತ್ತಿದ್ದರಂತೆ. ಅಲ್ಲಿ ಗೋದಲಿ. ಕೂಸು ಮಾತ್ರ ಇರಲ್ಲ, ಕೂಸನ್ನು ಕಡೆಗೆ ಮಲಗಿಸಬೇಕು.

ಮೊದಲ ವರ್ಷ ಕೂಸಿಗೆ ಸುತ್ತಲು ಬಟ್ಟೆ ಮರೆತಿದ್ದರು. ನಾದಿನಿಯ ಮಗಳು ಓಡಿ ಹೋಗಿ ಅಜ್ಜಿಯ ಟ್ರಂಕಿನಿಂದ ಹಳೇ ಇಳಕಲ್ ಸೀರೆಯ ಹರಿದ ತುಂಡು ತಂದಳು. ಎಲ್ಲರಿಗೂ ಎದೆ ಧಸಕ್ಕೆಂದಿತು. ಮಾವ ಕೈಯಲ್ಲಿ ತಗೊಂಡು ತಿರುಗಿಸಿ ನೋಡಿದರು. "ಇದು ಟೋಪತೆನಿ ಸೆರಗು. ನಿಮ್ಮಪ್ಪ ಹೊಟ್ಯಾಗ ಇದ್ದಾಗ ಕುಬಸಕ್ಕ ತಂದಿದ್ದೆ" ಅಂತ ಮೊಮ್ಮಗನಿಗೆ ಹೇಳಿದರು. ಆಮೇಲೆ ನಿಲ್ಲಲಿಲ್ಲ. ಅತ್ತೆಯ ಹೆಸರು ಎತ್ತಲೂ ಹೆದರುತ್ತಿದ್ದ ಮನೆಯಲ್ಲಿ ಅರ್ಧ ಗಂಟೆ ಅವರದ್ದೇ ಮಾತು. ನಗುವೂ ಬಂತು, ಅವರ ಜಗಳಗಳು ಅಂಥವು. ಎಂಟು ವರ್ಷದವನೊಬ್ಬ ನಡುವೆ ಕೇಳಿದ, "ದೇವದೂತ ಬಂದಾಗೆಲ್ಲಾ ಹೆದರಬ್ಯಾಡ್ರಿ ಅಂತನ ಯಾಕ ಅಂತಾನು?" ಲೆಕ್ಕ ಹಾಕಿದರೆ ಹೌದು. ಜಕರೀಯನಿಗೆ, ಮರಿಯಳಿಗೆ, ಕುರುಬರಿಗೆ, ಲೂಕನಲ್ಲೇ ಮೂರು ಕಡೆ. ಇಷ್ಟು ವರ್ಷ ಓದಿದರೂ ನನಗೆ ಹೊಳೆದಿರಲಿಲ್ಲ. "ಅವರೂ ನಮ್ಮಂಗ ಹೆದರಿದ್ರಪಾ" ಅಂದರು ಮಾವ. ಆ ರಾತ್ರಿ ಎಲ್ಲರ ಜೊತೆ ಕೂತು ಊಟ ಮಾಡಿದರು.

ಕೆಲವು ಅಡ್ಡ ಪ್ರಯೋಗ. ಗೋದಲಿಯ ಸುತ್ತ ಹುಲ್ಲಿಗೆ ಗೋಧಿ ಹಾಕುತ್ತೇನೆ. ರವಿವಾರ ಪೇಟೆಯಲ್ಲಿ ಅರ್ಧ ಕಿಲೋ ತಂದರೆ ಜಾಸ್ತಿಯೇ. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ತಟ್ಟೆಯ ಮಣ್ಣಿಗೆ. ನಮ್ಮ ಡಿಸೆಂಬರ್ ಚಳಿಗೆ ಹತ್ತು ದಿನವಾದರೂ ಬೇಕು, 13ಕ್ಕೆ ಹಾಕಿಬಿಡಿ. ಜೋಳ ಹಾಕಿ ನೋಡಿದೆ, ಒರಟಾಗಿ ಬಾಗುತ್ತದೆ. ಹಬ್ಬ ಮುಗಿದ ಮೇಲೆ ಪಕ್ಕದ ಮನೆ ಮೇಕೆಗೆ. ಕೇಕಿನ ಒಣದ್ರಾಕ್ಷಿ ನಮ್ಮಲ್ಲಿ ರಮ್ಮಿಗೆ ಬೀಳಲ್ಲ, ಕಿತ್ತಳೆ ರಸದಲ್ಲಿ ಎರಡು ದಿನ ಫ್ರಿಜ್ಜಿನಲ್ಲಿ. ಕುಕ್ಕರಿನ ತಳಕ್ಕೆ ಉಪ್ಪು, ಸೀಟಿ ಬೇಡ, ರಬ್ಬರ್ ಬೇಡ, ಮುಕ್ಕಾಲು ಗಂಟೆ ಮೇಲೆ. ಕೇಕಿನ ನಡುವೆ ನಮ್ಮೂರ ಹಾಲಿನ ಸಿಹಿ ಕುಂದಾ ತುಂಬಿದ್ದು ಮಾತ್ರ ಕೆಟ್ಟ ಐಡಿಯಾ. ಕರಗಿ ತಳ ಹಿಡಿದು ಪಾತ್ರೆ ಹೋಯಿತು.

ಒಟ್ಟು ಖರ್ಚು ಊಟ ಬಿಟ್ಟು ಐನೂರು ಆರುನೂರು. ಸಾಂತಾನ ಕಾಲು ಭಾಗ. ಮೊಬೈಲುಗಳು ಮಾತ್ರ ಆ ಹೊತ್ತಿನಲ್ಲಿ ಎಲ್ಲಿರುತ್ತವೆ, ಮಕ್ಕಳು ತಾವಾಗೇ ಹೇಗೆ ಕೊಡುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಮೈದುನನಿಗೇ ಹೇಳಿಲ್ಲ. ಈ ವರ್ಷ ಗಣಪತಿ ಹಬ್ಬಕ್ಕೆ ಮುಂಚೆಯೇ ಎರಡು ಬುಟ್ಟಿ ಮಣ್ಣು ಹೇಳಿಟ್ಟಿದ್ದೇನೆ. ಪುಣೆಯವರಿಗೂ ಒಂದು ಬೇಕಂತೆ, ಬಸ್ ಚಾರ್ಜು ಅವರದ್ದು.